ಪಂಚನಹಳ್ಳಿಯ ಎರಡನೇ ಡಬ್ಬ

"ನೀರು ತರ್ಲಾ ಸಾರ್? ಇಲ್ಲಾ ಇವತ್ತೂ ಈಗ್ತಾನೆ ಕಾಫಿ ಆಯ್ತಾ?"

ಬಾಗಿಲಲ್ಲಿ ನಿಂತು ಭಾಗಮ್ಮ ಕೇಳಿದ ಈ ಮಾತಿಗೆ ನಿವೃತ್ತ ಸಬ್ ಇನ್ಸ್‌ಪೆಕ್ಟರ್ ಈರಭದ್ರಪ್ಪನವರ ಕಣ್ಣು ತಮ್ಮ ಕಾಲಿನ ಮೇಲೆ ಇಳಿಯಿತು. ಎಂತೆಂಥ ಖದೀಮರ ಬಾಯಿ ಬಿಡಿಸಿದ್ದ ಮನುಷ್ಯ, ಪಂಚನಹಳ್ಳಿಯ ಆ ಹೆಂಚಿನ ಮನೆಯ ಮುಂದೆ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನಿಂತುಬಿಟ್ಟರು.

ಕಳೆದ ವಾರ ಇದೇ ಬಾಗಿಲಿಗೆ ಪೊಲೀಸರ ಜೊತೆ ಬಂದಿದ್ದಾಗ ಅವರು ಚಪ್ಪಲಿ ಬಿಟ್ಟಿರಲಿಲ್ಲ. ಭಾಗಮ್ಮ ತೊಳೆದ ಚೊಂಬಿನಲ್ಲಿ ನೀರು ತಂದು ಹಿಡಿದಿದ್ದಳು. "ಬೇಡಮ್ಮ, ಈಗ್ತಾನೆ ಕಾಫಿ ಆಯ್ತು" ಅಂದಿದ್ದರು. ಕಾಫಿ ಆಗಿರಲಿಲ್ಲ. ಆಮೇಲೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಿಂತು ಗಟಗಟ ಎರಡು ಲೋಟ ನೀರು ಕುಡಿದಿದ್ದನ್ನು ಊರೇ ನೋಡಿತ್ತು.

ಯಾಕೆ ಕುಡಿಯಲಿಲ್ಲ ಅಂತ ಭಾಗಮ್ಮನಿಗೂ ಗೊತ್ತು, ಅವರಿಗೂ ಗೊತ್ತು. ಇಂಥದನ್ನೆಲ್ಲ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ.

"ತಂದ್ಕೊಡಮ್ಮ, ಕುಡೀತೀನಿ" ಎಂದರು ಈರಭದ್ರಪ್ಪ.

ಅವಳು ತಂದಳು. ಅವರು ಪೂರ್ತಿ ಕುಡಿದು ಚೊಂಬನ್ನು ಕೆಳಗಿಟ್ಟರು. ಅವಳ ಮುಖ ಒಂದಿಷ್ಟೂ ಸಡಿಲವಾಗಲಿಲ್ಲ.

"ಕುಡುದ್ರಿ, ಸಂತೋಷ. ನೀರು ಕುಡುದ್ರೆ ಜಾಮೀನು ಸಿಗಲ್ಲ ಸಾರ್. ನಾಳೆ ನಮ್ಮೋರನ್ನ ಮತ್ತೆ ಕೋರ್ಟಿಗೆ ತರ್ತಾರಂತೆ. ಅಲ್ಲಿಂದ ಸೀದಾ ಚಿಕ್ಕಮಗಳೂರು ಜೈಲಂತೆ. ನಿಮ್ಮ ಹೇಳಿಕೆ ಇರೋದ್ರಿಂದ ಜಾಮೀನಿನ ಆಸೆ ಬಿಟ್ಬಿಡಿ ಅಂದ್ರು ವಕೀಲ್ರು."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಡೂರಿನಲ್ಲಿ ಬೆನಕಪ್ಪನವರ ಟೈಪಿಂಗ್ ಶಾಲೆಗೆ ಅವಳ ಗಂಡ ಓಬಳಪ್ಪ ಬಿಡಿಭಾಗ ತಂದು ಜೋಡಿಸಿಕೊಟ್ಟ ಕಂಪ್ಯೂಟರ್, ಉದ್ಘಾಟನೆಯಾದ ಸಂಜೆಯೇ ಸಿಡಿದು, ಬಣ್ಣದ ಕಾಗದದ ತೋರಣಕ್ಕೆ ಬೆಂಕಿ ಹತ್ತಿ, ಉಬ್ಬಸದ ಬೆನಕಪ್ಪ ಹೊಗೆಯಲ್ಲಿ ಉಸಿರುಕಟ್ಟಿ ಸತ್ತಿದ್ದರು. ಆ ಉದ್ಘಾಟನೆಯ ಮುಖ್ಯ ಅತಿಥಿ ಇದೇ ಈರಭದ್ರಪ್ಪ.

ಮಾರನೆಯ ಬೆಳಿಗ್ಗೆ ಸುಟ್ಟ ಕೋಣೆಯಲ್ಲಿ ನಿಂತು, ಯಂತ್ರಕ್ಕೆ ಕರೆಂಟು ಹಂಚುವ, ಈಗ ಕರಕಲಾದ ಪವರ್ ಸಪ್ಲೈ ಡಬ್ಬವನ್ನು ಬೂಟಿನ ತುದಿಯಿಂದ ಒದ್ದು, "ಅಗ್ಗದ ಮಾಲು ತುಂಬಿದಾನೆ ಕಣಯ್ಯ, ಎತ್ತಾಕ್ಕೊಂಡು ಬಾ ಅವನನ್ನ" ಎಂದದ್ದೂ ಅವರೇ. ಈಗಿನ ಸಬ್ ಇನ್ಸ್‌ಪೆಕ್ಟರ್ ಬಸವರಾಜಪ್ಪ ಹಿಂದೆ ಅವರ ಕೈಕೆಳಗೆ ಕೆಲಸ ಕಲಿತವನು. ಗುರುಗಳ ಮಾತನ್ನು ತಲೆಯ ಮೇಲೆ ಹೊತ್ತು ನಡೆಸಿದ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಈರಭದ್ರಪ್ಪ ಕಣ್ಣಾರೆ ಕಾಣುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ.

"ಅವತ್ತು ಹಿಡ್ಕೊಂಡು ಹೋಗುವಾಗ ನಿನ್ನ ಗಂಡ ಏನೋ ಕೂಗಿ ಹೇಳ್ದ" ಎಂದರು ನೆಲ ನೋಡುತ್ತ. "ಡಬ್ಬ ಅಗ್ಗದ್ದಲ್ಲ, ಅದರ ಜೋಡಿ ಮನೇಲಿದೆ, ನೋಡಿ ಅಂತ."

"ನೀವು ಬಾಯ್ಮುಚ್ಚು ಅಂದ್ರಿ."

"ಅಂದೆ."

"ಈಗ ಯಾಕೆ ನೆನಪಾಯ್ತು?"

"ಮರೆತಿದ್ರೆ ತಾನೆ ನೆನಪಾಗೋಕೆ? ಅವತ್ತಿಂದ ಊಟ ಸೇರ್ತಿಲ್ಲ ಕಣಮ್ಮ."

ಭಾಗಮ್ಮ ಅವರನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ತಗಡಿನ ಡಬ್ಬವೊಂದಿತ್ತು. ಅದರ ಹೊಟ್ಟೆಯಿಂದ ಹಳದಿ, ಕೆಂಪು, ಕಪ್ಪು ವೈರುಗಳು ಜೋತಾಡುತ್ತಿದ್ದವು. ಅವತ್ತು ಮನೆ ಶೋಧಿಸುವಾಗ ಇದು ಅವರ ಕಾಲಿಗೇ ತಗುಲಿತ್ತು. ಗುಜರಿ ಎಂದು ಪಕ್ಕಕ್ಕೆ ತಳ್ಳಿದ್ದರು.

"ನೋಡಿ. ಒಂದೇ ಅಂಗಡೀಲಿ ಒಂದೇ ದಿನ ತಂದ ಜೋಡಿ. ಒಂದು ಅಲ್ಲಿ ಸುಟ್ಟೋಯ್ತು, ಒಂದು ಇಲ್ಲಿದೆ."

"ಎರಡು ಯಾಕೆ?"

"ನಮ್ಮ ಕಡೆ ಕರೆಂಟು ಒಂದು ದಿನ ಇದ್ದಂಗೆ ಇನ್ನೊಂದು ದಿನ ಇರಲ್ಲ, ಒಂದು ಕೆಟ್ರೆ ಮಕ್ಕಳ ಪಾಠ ನಿಲ್ಬಾರ್ದು ಅಂತ. ಎರಡನೇದನ್ನ ತಮ್ಮ ಕೈಯಿಂದ ದುಡ್ಡು ಹಾಕಿ ತಂದ್ರು. ಅಗ್ಗದ ಮಾಲು ತರೋನು ಎರಡೆರಡು ತರ್ತಾನಾ ಸಾರ್?"

ಈರಭದ್ರಪ್ಪ ಡಬ್ಬವನ್ನು ಕೈಗೆತ್ತಿಕೊಂಡರು. ಒಳ್ಳೇ ತೂಕವಿತ್ತು. ಅಗ್ಗದ ಮಾಲಿಗೆ ಈ ತೂಕ ಬರುವುದಿಲ್ಲ ಎಂಬಷ್ಟು ಅವರಿಗೂ ತಿಳಿಯಿತು.

"ಅವ್ನು... ಅವರು ಸಾಮಾನು ಆರಿಸ್ತಿದ್ದದ್ದು ಹೇಗೆ?"

ಏಕವಚನ ನಾಲಿಗೆಯ ತುದಿಗೆ ಬಂದು ಬಹುವಚನವಾದದ್ದನ್ನು ಭಾಗಮ್ಮ ಗಮನಿಸಿದಳು. ಗಮನಿಸಿದೆ ಎಂದು ತೋರಿಸಿಕೊಳ್ಳಲಿಲ್ಲ.

"ಸಂಬಂಧ ಕೂಡಿಸಿದಂಗೆ ಸಾರ್. ಹುಡುಗ ಚೆನ್ನಾಗಿದಾನೆ, ಹುಡುಗಿ ಚೆನ್ನಾಗಿದಾಳೆ ಅಂದ್ರಾಯ್ತಾ? ಇಬ್ಬರಿಗೂ ಹೊಂದ್ಬೇಕಲ್ಲ. ಮೊದಲ ಸಲ ಬೆಂಗಳೂರಿಂದ ಆ ಟೀವಿ ಥರದ್ದು ಇದೆಯಲ್ಲ, ಮಾನಿಟ್ರು, ಅದನ್ನ ತಂದ್ರು. ಒಳಗಿನ ಕಾರ್ಡು ಬೇರೆ ಜಾತೀದು, ಇದಕ್ಕೆ ಹೊಂದಲ್ಲ, ಹಾಕಿದ್ರೆ ಸುಟ್ಟೋಗುತ್ತೆ ಅಂತ ಬೆಳಿಗ್ಗೆ ಎದ್ದು ಮತ್ತೆ ತಲೆ ಮೇಲೆ ಹೊತ್ಕೊಂಡು ರೈಲು ಹತ್ತಿದ್ರು."

"ಹೂಂ."

"ಎರಡನೇ ಸಲ ಹಾರ್ಡ್ ಡಿಸ್ಕು. ಅದಕ್ಕೂ ಅದರದ್ದೇ ಜೋಡಿ ಕಾರ್ಡು ಬೇಕಂತೆ, ಅಂಗಡಿಯೋರು ಬೇರೆ ಯಾವುದೋ ಕೊಟ್ಟಿದ್ರು. ಮತ್ತೆ ರೈಲು. ಬೆನಕಪ್ಪನೋರು ಬಯ್ದಿದ್ದಕ್ಕೆ ಲೆಕ್ಕ ಇಲ್ಲ. ನಿಮ್ಮ ಅಳಿಯಂದ್ರು ಕಂಪನಿ ಮಿಷಿನ್ನೇ ತಂದು ಕೂರಿಸ್ತಿದ್ರು, ನಿನ್ನ ನಂಬಿ ಕೆಟ್ಟೆ ಕಣೋ ಅಂತಿದ್ರು."

ಅಳಿಯನ ಮಾತು ಬಂದಾಗ ಈರಭದ್ರಪ್ಪ ತಲೆ ಎತ್ತಿದರು. ಅವರ ಒಬ್ಬಳೇ ಮಗಳ ಗಂಡ ಚಂದ್ರಶೇಖರ ತರೀಕೆರೆಯಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟಿದ್ದ. ಬೆನಕಪ್ಪನ ಶಾಲೆಗೆ ಕಂಪನಿಯ ಸಿದ್ಧ ಕಂಪ್ಯೂಟರ್ ಮಾರಬೇಕೆಂದು ಓಡಾಡಿ, ಆರ್ಡರು ಓಬಳಪ್ಪನ ಪಾಲಾದಾಗ ಮಾವನ ಮನೆಯ ಪಡಸಾಲೆಯಲ್ಲಿ ಕೂತು ಹಲ್ಲು ಕಡಿದಿದ್ದ. ವ್ಯಾಪಾರದ ಮಾತು ಎಂದು ಇವರು ಬಿಟ್ಟುಬಿಟ್ಟಿದ್ದರು.

"ಎಲ್ಲಾ ಹೊಂದ್ತು. ಕರೆಂಟು ಏರಿಳೀದಂಗೆ ಹಿಡಿಯೋ ಸ್ಟೆಬಿಲೈಸರ್ ಒಂದು ಬರಲಿಲ್ಲ" ಎಂದಳು ಭಾಗಮ್ಮ. "ಅದು ಬರೋವರ್ಗೂ ಉದ್ಘಾಟನೆ ಬ್ಯಾಡಿ ಅಂತ ಬೇಡ್ಕೊಂಡ್ರು. ಆಹ್ವಾನ ಪತ್ರಿಕೆ ಅಚ್ಚಾಗೋಗಿದೆ ಅಂದ್ರಂತೆ ಬೆನಕಪ್ಪನೋರು."

"ಸ್ಟೆಬಿಲೈಸರ್ ಎಲ್ಲಿಂದ ಬರಬೇಕಿತ್ತು?"

ಅವಳು ಬಗ್ಗಿ ಕೆಳಗಿದ್ದ ಚೊಂಬನ್ನು ಎತ್ತಿಕೊಂಡಳು.

"ತರೀಕೆರೆಯಿಂದ. ನಿಮ್ಮ ಅಳಿಯಂದ್ರ ಅಂಗಡಿಯಿಂದ್ಲೇ. ಇವತ್ತು ಕಳಿಸ್ತೀನಿ, ನಾಳೆ ಕಳಿಸ್ತೀನಿ ಅಂತಾನೇ ಇದ್ರಂತೆ."

ಈರಭದ್ರಪ್ಪ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅದರ ಹಿಂಬದಿಯಲ್ಲಿ, ಫ್ಯಾನಿನ ಪಕ್ಕ, ಅಂಗುಲದಗಲದ ಕಪ್ಪು ಟೇಪು ಬಿಗಿಯಾಗಿ ಅಂಟಿಕೊಂಡಿತ್ತು.

"ಅದನ್ನ ಕೀಳ್ಬೇಡಿ ಸಾರ್. ಅವ್ರು ಯಾರನ್ನೂ ಮುಟ್ಟಕ್ಕೆ ಬಿಡ್ತಿರಲಿಲ್ಲ."

"ಸುಟ್ಟ ಡಬ್ಬಕ್ಕೂ ಇತ್ತಾ?"

"ಇತ್ತು. ಎರಡಕ್ಕೂ ನನ್ನೆದುರಿಗೇ ಅಂಟಿಸಿದ್ರು. ಕರೆಂಟು ಇಳಿದಾಗ ಯಾರಾದ್ರೂ ಬುದ್ಧಿವಂತರು ಇದಕ್ಕೆ ಕೈ ಹಾಕ್ತಾರೆ ಅಂತ."

ಈರಭದ್ರಪ್ಪ ಉಗುರಿನಿಂದ ಟೇಪು ಬಿಡಿಸಿದರು. ಒಳಗೆ ಬೆರಳಿನ ಉಗುರಿನಷ್ಟು ಅಗಲದ ಕೆಂಪು ಸ್ವಿಚ್ಚು. ಅದರ ಮೇಲೆ ಇನ್ನೂರಾ ಮೂವತ್ತು ವೋಲ್ಟ್ ಎಂಬ ಅಂಕಿ. ಹೆಬ್ಬೆರಳಿನಿಂದ ಒತ್ತಿ ಸರಿಸಿದರು. ಟಕ್ ಎಂದು ಆಚೆ ಹೋಯಿತು. ಈಗ ಕಂಡದ್ದು ನೂರಾ ಹದಿನೈದು.

ಆ ಟಕ್ ಎಂಬ ಸದ್ದು ಅವರ ಹೆಬ್ಬೆರಳಿಗೆ ಹೊಸದಾಗಿರಲಿಲ್ಲ.

ಸ್ವಿಚ್ಚನ್ನು ಗಡಿಬಿಡಿಯಲ್ಲಿ ಹಿಂದಕ್ಕೆ ಸರಿಸಿ, ಡಬ್ಬವನ್ನು ಪಂಚೆಯಲ್ಲಿ ಸುತ್ತಿದರು. "ಇದನ್ನ ತಗೊಂಡು ಹೋಗ್ಲಾ ತಾಯಿ?" ಎಂದು ಕೇಳಿದ ಧ್ವನಿ ಅವರದ್ದೇ ಎಂದು ಅವರಿಗೇ ನಂಬಿಕೆಯಾಗಲಿಲ್ಲ.

"ಕೇಳ್ತಿದೀರಲ್ಲ, ತಗೊಂಡೋಗಿ" ಎಂದಳು ಭಾಗಮ್ಮ. "ಹೋದ ವಾರ ಕೇಳ್ದೆನೇ ತಗೊಂಡೋದ್ರಿ."

ಕಡೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಈರಭದ್ರಪ್ಪನವರ ಕಣ್ಣಿಗೆ ದಾರಿಯುದ್ದಕ್ಕೂ ತೆಂಗಿನ ತೋಟಗಳಲ್ಲಿ ನೀರು ಹಾರಿಸುವ ಬೋರ್‌ವೆಲ್ಲುಗಳೇ ಕಂಡವು. ಪಂಪ್‌ಸೆಟ್ಟಿನ ಲೈನಿಗೆ ಕರೆಂಟು ಕೊಟ್ಟ ಹೊತ್ತಿನಲ್ಲಿ ಇಡೀ ಸೀಮೆಯ ಮನೆಗಳ ದೀಪ ಬೀಡಿಯ ಕೆಂಡದ ಹಾಗೆ ಉರಿಯುತ್ತದೆ. ಅಜ್ಜಂಪುರದ ಅವರ ಮನೆಯಲ್ಲೂ ಅಷ್ಟೇ, ಫ್ಯಾನು ನೊಣ ಓಡಿಸುವಷ್ಟೂ ತಿರುಗುವುದಿಲ್ಲ. ಸಂಜೆ ಆ ಲೈನು ತೆಗೆದರೋ, ಬಲ್ಬುಗಳು ಬೆಳ್ಳಗೆ ಉರಿದು, ಫ್ಯಾನು ಗಾಳಿ ಎಬ್ಬಿಸಿ ಕ್ಯಾಲೆಂಡರು ಹಾರಿಸುತ್ತದೆ.

ಇನ್ನು ಯೋಚಿಸುವುದಕ್ಕೆ ಏನಿತ್ತು? ಇಳಿದ ಕರೆಂಟಿಗೆ ಇನ್ನೂರಾ ಮೂವತ್ತರ ಡಬ್ಬ ಸಾಲದೆ ಕಂಪ್ಯೂಟರ್ ಆರಿ ಆರಿ ಹೋಗುತ್ತದೆ. ಸ್ವಿಚ್ಚು ನೂರಾ ಹದಿನೈದಕ್ಕೆ ಸರಿಸಿದರೆ ಅದೇ ಬಡಕಲು ಕರೆಂಟಿನಲ್ಲಿ ಯಂತ್ರ ಠೀವಿಯಿಂದ ಓಡುತ್ತದೆ. ಸಂಜೆ ಪಂಪ್‌ಸೆಟ್ ಲೈನು ತೆಗೆದು ಕರೆಂಟು ಎಂದಿನ ಮಟ್ಟಕ್ಕೆ ಏರಿತೋ, ಡಬ್ಬ ಢಮಾರ್. ಬೇರೆ ಊರಿನವರಿಗೆ ಇದಕ್ಕೆ ಕೈ ಹಾಕುವ ಬುದ್ಧಿಯೇ ಬರುವುದಿಲ್ಲ. ಇಲ್ಲಿಯವರಿಗೆ ಮಾತ್ರ ಬರುತ್ತದೆ.

ಠಾಣೆಯಲ್ಲಿ ಬಸವರಾಜಪ್ಪ ಎದ್ದು ಸೆಲ್ಯೂಟ್ ಹೊಡೆದ. ಆ ಸೆಲ್ಯೂಟು ಇವತ್ತು ಅವರಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು.

"ಸುಟ್ಟ ಡಬ್ಬ ತರಿಸಯ್ಯ."

ಪೇದೆ ಒಂದು ಗೋಣಿತಾಟಿನಲ್ಲಿ ಅದನ್ನು ತಂದು ಮೇಜಿನ ಮೇಲಿಟ್ಟ. ಈರಭದ್ರಪ್ಪ ಪಕ್ಕದಲ್ಲೇ ಪಂಚನಹಳ್ಳಿಯ ಡಬ್ಬವನ್ನೂ ಇಟ್ಟರು. ಒಂದೇ ಅಳತೆ, ಒಂದೇ ತಗಡು, ಒಂದೇ ಸ್ಕ್ರೂಗಳು. ಹಿಂಬದಿಯ ಮಸಿಯನ್ನು ಕರ್ಚೀಫಿನಿಂದ ಒರೆಸಿದರು. ಕೆಂಪು ಪ್ಲಾಸ್ಟಿಕ್ ಕರಗಿ ಸೊಟ್ಟಗಾಗಿತ್ತು. ಆದರೂ ಅದು ನಿಂತಿದ್ದ ಕಡೆ ಸ್ಪಷ್ಟವಾಗಿತ್ತು. ನೂರಾ ಹದಿನೈದು.

"ಏನ್ಸಾರ್ ಇದು?"

ಈರಭದ್ರಪ್ಪ ಸ್ವಿಚ್ಚಿನ ಕೆಲಸ ವಿವರಿಸಿದರು. ಬಸವರಾಜಪ್ಪ ಬಲ್ಬು ನೋಡಿದ, ಡಬ್ಬ ನೋಡಿದ, ತಲೆ ತೂಗಿದ. ಅವನೂ ಕಡೂರಿನ ಕರೆಂಟು ಕುಡಿದವನೇ.

"ಹಂಗಾದ್ರೆ ಕೇಸು ಇನ್ನೂ ಗಟ್ಟಿಯಾಯ್ತು ಬಿಡಿ ಸಾರ್. ಸ್ವಿಚ್ಚು ಸರಿಸಿದ್ದು ಆ ಓಬಳಪ್ಪನೇ. ಅವನಿಗಲ್ದೆ ಇನ್ಯಾರಿಗೆ ಗೊತ್ತಿತ್ತು ಇದೆಲ್ಲ?"

"ಬಾಗಿಲು ಹಾಕು."

"ಸಾರ್?"

"ಬಾಗಿಲು ಹಾಕಯ್ಯ ಅಂದೆ."

ಬಾಗಿಲು ಹಾಕಿದ ಮೇಲೆ ಈರಭದ್ರಪ್ಪ ಮಸಿ ಹತ್ತಿದ ಕರ್ಚೀಫನ್ನು ಮಡಿಸತೊಡಗಿದರು. ಉದ್ಘಾಟನೆಯ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಬಣ್ಣದ ಕಾಗದ, ಹಾರ, ಸನ್ಮಾನದ ಶಾಲು, ತುಂಬಿದ ಕೋಣೆ. ಮೇಜಿನ ಮೇಲೆ ಕಂಪ್ಯೂಟರು ಹತ್ತುವುದು, ಆರುವುದು. ಬೆನಕಪ್ಪನ ಮುಖ ಸಣ್ಣಗಾಗಿತ್ತು. ಅತಿಥಿಗಳು ಬಾಯಿಗೆ ಕರ್ಚೀಫು ಹಿಡಿದು ನಗುತ್ತಿದ್ದರು.

ಯಂತ್ರದ ಪಕ್ಕ ಒಬ್ಬ ತೆಳ್ಳನೆಯ ಮನುಷ್ಯ ಬೆನಕಪ್ಪನಿಗೆ ಏನೋ ಹೇಳಲು ಬಾಯಿ ತೆರೆಯುತ್ತಿದ್ದ. ಜವಾನ ಇರಬೇಕೆಂದುಕೊಂಡ ಈರಭದ್ರಪ್ಪ, "ಲೇ, ಸುಮ್ನೆ ನಿಂತಿದೀಯಲ್ಲ, ಹೋಗಿ ನಾಲ್ಕು ಕುರ್ಚಿ ತಗೊಂಡ್ಬಾ" ಎಂದಿದ್ದರು. ಆ ಮನುಷ್ಯ ಹೋದ. ಆ ಯಂತ್ರವನ್ನು ಕಟ್ಟಿದವನನ್ನು ಕುರ್ಚಿ ಹೊರಲು ಕಳಿಸಿದ್ದೇನೆಂದು ಅವರಿಗೆ ಗೊತ್ತಾದದ್ದು ಮಾರನೆಯ ದಿನ, ಅವನ ಕೈಗೆ ಬೇಡಿ ಬಿದ್ದಾಗ. ಆಗಲೂ ಅವರಿಗೆ ನಾಚಿಕೆಯಾಗಿರಲಿಲ್ಲ. ಈಗ ಆಯಿತು. ಕೂತ ಕುರ್ಚಿಯೇ ಚುಚ್ಚುವಷ್ಟು ಆಯಿತು.

ಅವನು ಅತ್ತ ಹೋದ ಮೇಲೆ ಕಿವಿಯ ಹತ್ತಿರ ಒಂದು ಧ್ವನಿ ಮೆಲ್ಲಗೆ ಹೇಳಿತ್ತು. "ಮಾವ, ಹಿಂದುಗಡೆ ಒಂದು ಕೆಂಪು ಸ್ವಿಚ್ಚಿದೆ. ಅದನ್ನ ಈ ಕಡೆ ಸರಿಸಿಬಿಡಿ, ನಿಂತ್ಕೊಳುತ್ತೆ. ನೀವೇ ಸರಿಸಿದ್ರೆ ಫೋಟೋಗೂ ಚಂದ."

ಸರಿಸಿದ್ದರು. ಅಲ್ಲಿ ಟೇಪು ಇರಲಿಲ್ಲ, ಯಾರೋ ಆಗಲೇ ಕಿತ್ತಿದ್ದರು. ಟಕ್ ಎಂದಿತು, ಯಂತ್ರ ನಿಂತುಕೊಂಡಿತು, ಜನ ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿಗಳು ಮೀಸೆ ತಿರುವಿಕೊಂಡರು.

"ಬಸವರಾಜ, ಆ ಸ್ವಿಚ್ಚು ಸರಿಸಿದ್ದು ಓಬಳಪ್ಪ ಅಲ್ಲ ಕಣಯ್ಯ. ನಾನು."

ಬಸವರಾಜಪ್ಪ ನಗಲು ಹೋಗಿ ನಿಲ್ಲಿಸಿದ.

"ತಮಾಷೆ ಮಾಡ್ತಿದೀರಾ ಸಾರ್?"

"ಈ ವಯಸ್ಸಿನಲ್ಲಿ ಸಾವಿನ ವಿಷಯದಲ್ಲಿ ತಮಾಷೆ ಮಾಡ್ತಾರೇನಯ್ಯ? ನನ್ನ ಬೆರಳು ಇದು. ಈ ಬೆರಳಲ್ಲಿ ಸರಿಸಿದೆ. ಮಾರನೇ ದಿನ ಇದೇ ಬೆರಳು ತೋರಿಸಿ ಅವನನ್ನ ಒಳಗೆ ಹಾಕಿಸಿದೆ."

ಅಳಿಯ ಹೇಳಿಕೊಟ್ಟದ್ದನ್ನು ಅವರು ಹೇಳಲಿಲ್ಲ. ಮಗಳು ಏಳು ತಿಂಗಳ ಗರ್ಭಿಣಿ, ಸೀಮಂತಕ್ಕೆಂದು ಮನೆಗೆ ಬಂದು ಕೂತಿದ್ದಳು. ಅಳಿಯನಾದರೂ ಒಳ್ಳೆಯದಕ್ಕೇ ಹೇಳಿರಬೇಕು, ಕರೆಂಟು ಇಳಿದಾಗ ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಬೇರೆಯವರ ಮಗನ ವಿಷಯದಲ್ಲಿ ಇಷ್ಟು ಸಮಾಧಾನ ಅವರಿಗೆ ಎಂದೂ ಇರಲಿಲ್ಲ.

ಬಸವರಾಜಪ್ಪ ಎದ್ದು ಬಂದು ಅವರ ಪಕ್ಕದಲ್ಲಿ ನಿಂತ. ಧ್ವನಿ ತಗ್ಗಿಸಿದ.

"ಸಾರ್, ಈ ಮಾತು ಈ ಗೋಡೆ ದಾಟೋದು ಬೇಡ. ಯಾರು ನೋಡಿದಾರೆ? ನೋಡಿದ್ರೂ ನಿಮ್ಮ ಮೇಲೆ ಯಾರು ಹೇಳ್ತಾರೆ? ಮೆಡಲ್ ತಗೊಂಡೋರು ನೀವು. ಅವನ್ದು ಹೆಂಗೂ ಆಗೋಯ್ತು."

"ಆಗೋಯ್ತು ಅಂದ್ರೇನಯ್ಯ?"

"ಅಲ್ಲ ಸಾರ್, ಎರಡು ವರ್ಷ ಆಗ್ಬೋದು. ಅವನಿಗೆ ಏನ್ಮಹಾ..."

ಬಸವರಾಜಪ್ಪ ಮಾತು ಮುಗಿಸಲಿಲ್ಲ. ಮುಗಿಸುವುದು ಬೇಕಾಗಿಯೂ ಇರಲಿಲ್ಲ. ಆ ಅರ್ಧ ಮಾತನ್ನು ಅವನಿಗೆ ಕಲಿಸಿದವರು ಯಾರು ಎಂದು ಈರಭದ್ರಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಕಾಲಕ್ಕೆ ಅವರು ಇಂಥ ಅರ್ಧ ಮಾತುಗಳಲ್ಲೇ ಎಷ್ಟೋ ಕೇಸು ಮುಗಿಸಿದ್ದರು.

"ಅವನನ್ನ ಕರೆಸು. ಕೂರೋಕೆ ಒಂದು ಕುರ್ಚಿ ಹಾಕ್ಸು."

ಓಬಳಪ್ಪ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು. ಕುರ್ಚಿ ತೋರಿಸಿದರೆ ಕೂರಲಿಲ್ಲ, ಅದರ ಬೆನ್ನು ಹಿಡಿದುಕೊಂಡು ನಿಂತ. ಈರಭದ್ರಪ್ಪನವರೂ ಎದ್ದು ನಿಂತರು. ಇಬ್ಬರೂ ನಿಂತದ್ದು ನೋಡಿ ಬಸವರಾಜಪ್ಪ ಏನು ಮಾಡಬೇಕೋ ತಿಳಿಯದೆ ತಾನೂ ನಿಂತ.

"ಓಬಳಪ್ಪ, ನಿನ್ನ ಮನೆಗೆ ಹೋಗಿದ್ದೆ. ನೀರು ಕುಡಿದು ಬಂದೆ" ಎಂದರು ಈರಭದ್ರಪ್ಪ. ಯಾಕೆ ಇದನ್ನೇ ಮೊದಲು ಹೇಳಿದರೋ ಅವರಿಗೇ ತಿಳಿಯಲಿಲ್ಲ. "ಅವತ್ತು ಆ ಸ್ವಿಚ್ಚು ಸರಿಸಿದ್ದು ನಾನು. ನಿನ್ನ ತಪ್ಪಿಲ್ಲ. ನಾಳೆ ಕೋರ್ಟಲ್ಲಿ ಇದನ್ನೇ ಹೇಳ್ತೀನಿ."

ಓಬಳಪ್ಪನ ಮುಖದಲ್ಲಿ ಆಶ್ಚರ್ಯವೇ ಕಾಣಲಿಲ್ಲ.

"ಗೊತ್ತು ಸಾರ್."

"ಗೊತ್ತಾ?"

"ಕುರ್ಚಿ ಹೊತ್ಕೊಂಡು ಬಾಗಿಲಲ್ಲಿ ಬಂದೆ. ಆಗ್ಲೇ ನೀವು ಸರಿಸಿದ್ರಿ. ಕೂಗ್ಬೇಕು ಅನ್ಸ್ತು. ಅಷ್ಟು ದೊಡ್ಡೋರು, ಫೋಟೋ ತೆಗೀತಿದಾರೆ, ಹೆಂಗೆ ಕೂಗ್ಲಿ ಅಂತ ಬಾಯಿಗೆ ಬಂದಿದ್ದು ನುಂಗ್ಕೊಂಡೆ."

ಈರಭದ್ರಪ್ಪ ಕಣ್ಣು ಮುಚ್ಚಿದರು. ಒಂದು ಕೂಗು. ಒಂದೇ ಒಂದು ಕೂಗು ಆ ದಿನ ಬೆನಕಪ್ಪನನ್ನು ಉಳಿಸುತ್ತಿತ್ತು. ಅದು ಗಂಟಲಲ್ಲೇ ನಿಂತದ್ದು ತಮ್ಮ ಮೀಸೆಯನ್ನು ನೋಡಿ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಆದ್ರೆ ಬೆಂಕಿ ಅದರಿಂದ ಬಿದ್ದಿಲ್ಲ ಸಾರ್" ಎಂದ ಓಬಳಪ್ಪ.

"ಏನು?"

"ನೀವೆಲ್ಲ ಹೋದ ಮೇಲೆ ನಾನು ಮೊದಲು ಮಾಡಿದ ಕೆಲಸ ಅದೇ. ಪ್ಲಗ್ ಕಿತ್ತು, ಸ್ವಿಚ್ಚನ್ನ ಮತ್ತೆ ಇನ್ನೂರಾ ಮೂವತ್ತಕ್ಕೆ ತಂದು, ಹೊಸ ಟೇಪು ಹಾಕ್ದೆ. ಬೆನಕಪ್ಪನೋರು ಪಕ್ಕದಲ್ಲೇ ಇದ್ರು. ಚೆನ್ನಾಗಿ ಓಡ್ತಿದ್ದ ಮಿಷಿನ್ನು ಕೆಡಿಸ್ದೆ ಅಂತ ಬಯ್ದ್ರು. ಕರೆಂಟು ಸರಿಹೋಗೋವರ್ಗೂ ಹಚ್ಚಬೇಡಿ ಅಂತ ಹೇಳಿ, ಕುರ್ಚಿ ವಾಪಸ್ ಕೊಡಕ್ಕೆ ಹೋದೆ."

ಬಸವರಾಜಪ್ಪ ಸುಟ್ಟ ಡಬ್ಬವನ್ನು ಅವನ ಕಡೆಗೆ ತಿರುಗಿಸಿದ. ಓಬಳಪ್ಪ ಬಗ್ಗಿ ನೋಡಿದ. ನೋಡುತ್ತಿದ್ದ ಹಾಗೇ ಅವನ ಕೈ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿಯಿತು.

"ಸ್ವಿಚ್ಚು ನೂರಾ ಹದಿನೈದರಲ್ಲಿ ಇರಕ್ಕೆ ಸಾಧ್ಯವೇ ಇಲ್ಲ ಸಾರ್."

"ಇದೆಯಲ್ಲೋ" ಎಂದ ಬಸವರಾಜಪ್ಪ.

"ನಾನೇ ನನ್ನ ಕೈಯಾರೆ ಸರಿಸಿದೀನಿ. ಟೇಪಿನ ಮೇಲೆ ಇನ್ನೊಂದು ಸುತ್ತು ಟೇಪು ಹಾಕಿದೀನಿ. ಬೆನಕಪ್ಪನೋರಿಗೆ ಮೈಗೆ ಕರೆಂಟು ಹೊಡೆಯತ್ತೆ ಅಂತ ಭಯ, ಡಬ್ಬ ಮುಟ್ಟೋರೇ ಅಲ್ಲ. ಇದನ್ನ ಯಾರೋ ಬೇಕಂತ ಬಿಚ್ಚಿ ತಿರುಗಿಸಿದಾರೆ."

ಈರಭದ್ರಪ್ಪನವರ ಎದೆಯಿಂದ ಒಂದು ಭಾರ ಇಳಿಯಿತು. ಬೆನಕಪ್ಪನ ಸಾವು ತಮ್ಮ ಬೆರಳಿನದಲ್ಲ! ಹಾಯ್ ಎನ್ನಿಸಿತು. ಎದುರಿಗೆ ಲಾಕಪ್ಪಿನ ಮನುಷ್ಯ ನಿಂತಿರುವಾಗ ತಮಗೆ ಮೊದಲು ಬಂದದ್ದು ಈ ನೆಮ್ಮದಿ ಎಂದು ಮರುಗಳಿಗೆ ಹೊಳೆದು, ಇಳಿದ ಭಾರ ಎರಡರಷ್ಟಾಗಿ ವಾಪಸ್ ಬಂದು ಕೂತಿತು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲಪ್ಪಾ?"

"ಯಾರು ಕೇಳಿದ್ರು ಸಾರ್? ಡಬ್ಬ ಯಾವ ಅಂಗಡೀದು, ಬಿಲ್ ಎಲ್ಲಿ, ಇಷ್ಟೇ ಕೇಳಿದ್ದು. ಸ್ವಿಚ್ಚು ಎಲ್ಲಿತ್ತು ಅಂತ ಯಾರೂ ಕೇಳಲಿಲ್ಲ. ಸುಟ್ಟಿದ್ದನ್ನ ನಾನು ನೋಡ್ತಿರೋದೇ ಈಗ."

ಬಸವರಾಜಪ್ಪ ಕೆಮ್ಮಿದ.

"ನೀನು ಕುರ್ಚಿ ತಗೊಂಡು ಹೊರಟಾಗ ಒಳಗೆ ಬೆನಕಪ್ಪ ಒಬ್ಬರೇ ಇದ್ರಾ?" ಎಂದು ಕೇಳಿದರು ಈರಭದ್ರಪ್ಪ. ಹಳೆಯ ಪೊಲೀಸು ಒಳಗಿಂದ ಎದ್ದು ಕೂತಿದ್ದ.

ಓಬಳಪ್ಪ ತಲೆ ತಗ್ಗಿಸಿದ.

"ಹೇಳು."

"ಬ್ಯಾಡಿ ಸಾರ್. ಕೇಳ್ಬೇಡಿ."

"ನಿನ್ನ ಹೆಂಡತಿ ಅಲ್ಲಿ ಬಾಗಿಲು ಕಾಯ್ತಾ ಕೂತಿದಾಳೆ. ನಾಳೆ ನೀನು ಜೈಲಿಗೆ ಹೋಗ್ತೀಯ. ಯಾರನ್ನ ಉಳಿಸೋಕೆ ಹೋಗ್ತಿದೀಯೋ?"

"ಯಾರನ್ನೂ ಉಳಿಸ್ತಿಲ್ಲ ಸಾರ್. ನಾನು ಹೆಸರು ಹೇಳಿದ್ರೆ ನೀವು ನಂಬಲ್ಲ. ನಂಬ್ದೆ ಇದ್ರೆ ಪರವಾಗಿಲ್ಲ, ಹೊಟ್ಟೆಕಿಚ್ಚಿಗೆ ಹೇಳ್ದ ಅಂತೀರಿ. ಆ ಮಾತು ಕೇಳೋ ಶಕ್ತಿ ಇಲ್ಲ ನಂಗೆ."

"ನಂಬ್ತೀನಿ. ಹೇಳು."

ಓಬಳಪ್ಪ ಬಾಗಿಲ ಕಡೆ ನೋಡಿದ. ಹೊರಗೆ ಕಟ್ಟೆಯ ಮೇಲೆ ಪೇದೆಗಳು ಕಡಲೆಪುರಿ ತಿನ್ನುತ್ತ ನಗುತ್ತಿದ್ದುದು ಕೇಳಿಸುತ್ತಿತ್ತು.

"ನಾನು ಮೆಟ್ಲು ಇಳೀತಿದ್ದೆ, ನಿಮ್ಮ ಅಳಿಯಂದ್ರು ಹತ್ತಿ ಬಂದ್ರು. ಏನ್ಸಾರ್ ಮತ್ತೆ ಬಂದ್ರಿ ಅಂದೆ. ನಮ್ಮ ಮಾವನವರಿಗೆ ಹೊದಿಸಿದ ಶಾಲು ಇಲ್ಲೇ ಮರ್ತು ಹೋಗಿದೆ, ತಗೊಂಡೋಗಕ್ಕೆ ಬಂದೆ ಅಂದ್ರು. ಒಳಗೋಗಿ ಬಾಗಿಲು ಮುಂದಕ್ಕೆ ಹಾಕ್ಕೊಂಡ್ರು."

ಬಸವರಾಜಪ್ಪ ಈರಭದ್ರಪ್ಪನವರ ಮುಖ ನೋಡಿದ.

ಉದ್ಘಾಟನೆಯ ದಿನ ಸಂಜೆ ಅಜ್ಜಂಪುರದ ರೈಲಿನಲ್ಲಿ ಈರಭದ್ರಪ್ಪ ಸನ್ಮಾನದ ಶಾಲನ್ನು ಹೊದ್ದುಕೊಂಡೇ ಕೂತಿದ್ದರು. ನಾಲ್ಕು ಜನ ನೋಡಲಿ ಎಂದು ಸ್ಟೇಷನ್ನಿನಿಂದ ಮನೆಯವರೆಗೂ ತೆಗೆದಿರಲಿಲ್ಲ. ಬಾಗಿಲು ತೆರೆದ ಮಗಳು "ಎಷ್ಟು ಚೆನ್ನಾಗಿದೆ ಅಪ್ಪಾಜಿ" ಎಂದು ಅದರ ಅಂಚು ಸವರಿ ನೋಡಿದ್ದಳು.

"ಏನೋ ಗಾಬರೀಲಿ ಹೇಳ್ತಿದಾನೆ ಬಿಡಿ ಸಾರ್" ಎಂದ ಬಸವರಾಜಪ್ಪ ಅವಸರವಾಗಿ. "ಶಾಲು ಮರ್ತಿದ್ರೆ ತರೋಕೆ ಬಂದಿರ್ತಾರೆ, ಅದ್ರಲ್ಲೇನಿದೆ? ಅಲ್ವಾ ಸಾರ್? ಅವತ್ತು ಶಾಲು ಮರ್ತು ಬಂದಿದ್ರಿ ತಾನೆ?"

ಅವನು ಪೆನ್ನಿನ ಮುಚ್ಚಳ ತೆಗೆದು, ಒಂದು ಹಾಳೆ ಎಳೆದುಕೊಂಡು, ಹೌದು ಎಂಬ ಒಂದು ಮಾತಿಗೆ ಕಾಯುತ್ತಿದ್ದ. ಕುರ್ಚಿ ಹಿಡಿದು ನಿಂತಿದ್ದ ಓಬಳಪ್ಪನೂ ಅದೇ ಮಾತು ಬರುತ್ತದೆಂದು ಗೊತ್ತಿದ್ದವನ ಹಾಗೆ, ಆಗಲೇ ಲಾಕಪ್ಪಿನ ಕಡೆಗೆ ತಿರುಗಿದ್ದ.